ಬುಜ್ಜಿ ನಿಂತ ನೆಲ

ನಮ್ಮ ದೊಡ್ಡಮ್ಮ ಬೈರಮ್ಮನ ಮನೆಯಲ್ಲಿ ಲೈಟು ಹಾಕುವುದಕ್ಕೆ ಒಂದು ಕೋಲಿತ್ತು. ಅಡುಗೆಮನೆಯ ಬಾಗಿಲ ಮೂಲೆಯಲ್ಲಿ ಒರಗಿರುತ್ತಿದ್ದ ಹುಣಸೆ ಕೋಲು. ಮಳೆ ಹಿಡಿದು ಗೋಡೆ ನೆಂದ ದಿನ ಸ್ವಿಚ್ಚಿನ ಹತ್ತಿರ ಯಾರೂ ಕೈ ಒಯ್ಯುತ್ತಿರಲಿಲ್ಲ; ದೂರದಲ್ಲಿ ನಿಂತು ಕೋಲಿನ ತುದಿಯಿಂದ ಟಕ್ ಅನ್ನಿಸುತ್ತಿದ್ದರು. ಬಂದ ನೆಂಟರಿಗೆ ಕಾಲು ತೊಳೆಯಲು ನೀರು ಕೊಡುವಾಗಲೇ ದೊಡ್ಡಮ್ಮ ಹೇಳಿಬಿಡುತ್ತಿದ್ದಳು: "ಆ ಗೋಡೆಗೆ ಒರಗಬೇಡಿ, ಸ್ವಲ್ಪ ಜುಮ್ ಅನ್ಸುತ್ತೆ. ಕೆಟ್ಟದ್ದೇನಲ್ಲ." ಮನೆಯ ನಾಯಿಯ ಬಗ್ಗೆ ಹೇಳುವಂತೆಯೇ ಇರುತ್ತಿತ್ತು ಆ ದನಿ.

ಆ ವೈರಿಂಗು ದೊಡ್ಡಮ್ಮನಿಗಿಂತ ಸ್ವಲ್ಪ ಮೊದಲು ಆ ಮನೆಗೆ ಬಂದದ್ದು. ಶ್ರೀನಿವಾಸಪುರದ ಕಡೆಯಿಂದ ಸೊಸೆ ಬರುತ್ತಾಳೆ, ಬುಡ್ಡಿ ದೀಪದಲ್ಲಿ ಅವಳನ್ನು ಮನೆ ತುಂಬಿಸಿಕೊಂಡರೆ ಏನು ಚೆಂದ ಎಂದು ಅವಳ ಮಾವ ಅವಸರದಲ್ಲಿ ಹಾಕಿಸಿದ್ದಂತೆ. ಗೋಡೆಗೆ ಮರದ ಪಟ್ಟಿ, ಪಟ್ಟಿಗೆ ತಗಡಿನ ಕ್ಲಿಪ್ಪು, ಕ್ಲಿಪ್ಪಿನ ಕೆಳಗೆ ಎರಡೇ ಎರಡು ತಂತಿ, ಗುಂಡಗಿನ ಕಪ್ಪು ಸ್ವಿಚ್ಚು. ಸೋರಿದ ಕರೆಂಟನ್ನು ಭೂಮಿಗೆ ಇಳಿಸುವ ಮೂರನೆಯ ತಂತಿ, ಅಂದರೆ ಅರ್ತು, ಆ ಮನೆಯಲ್ಲಿ ಇರಲೇ ಇಲ್ಲ.

ಇಷ್ಟೆಲ್ಲ ತಿಳಿದವನಂತೆ ಮಾತಾಡುತ್ತಿರುವ ನಾನು ವೃತ್ತಿಯಲ್ಲಿ ಎಲೆಕ್ಟ್ರಿಷಿಯನ್. ಐಟಿಐ ಮಾಡಿ ಕೋಲಾರದಲ್ಲಿ ಮುರಳಿಮೋಹನ್ ಅನ್ನುವ ಲೈಸೆನ್ಸ್ ಇರುವ ಕಂಟ್ರಾಕ್ಟರ ಹತ್ತಿರ ಸಂಬಳಕ್ಕಿದ್ದೇನೆ. ಲೈಸೆನ್ಸು ಅವರದು, ಏಣಿ ನನ್ನದು. ಸೇರಿದ ದಿನ ಅವರು ನನಗೊಂದು ಜೊತೆ ದಪ್ಪ ಅಟ್ಟೆಯ ಬೂಟು ಕೊಟ್ಟರು. "ಇದನ್ನ ಹಾಕ್ಕೊಂಡ್ರೆ ಭೂಮಿಗೂ ನಿಂಗೂ ಸಂಬಂಧ ಇಲ್ಲ, ತಿಳ್ಕೋ" ಅಂದರು. ಅಂದಿನಿಂದ ಆ ಬೂಟು ಬಿಚ್ಚುವುದು ಮಲಗುವಾಗ ಮತ್ತು ದೇವಸ್ಥಾನದಲ್ಲಿ ಮಾತ್ರ. ಅಮ್ಮ "ಪೊಲೀಸಪ್ಪನ ಥರ ಕಾಣ್ತೀಯ" ಅಂದಳು. ಅದನ್ನು ಹೊಗಳಿಕೆ ಎಂದೇ ತಿಳಿದುಕೊಂಡೆ. ಊರವರ ಮನೆಗಳಿಗೆಲ್ಲ ಹೊಸ ತಂತಿ ಎಳೆಯುತ್ತಿದ್ದವನು ಅಮ್ಮನ ಸ್ವಂತ ಅಕ್ಕನ ಮನೆಗೆ ಹೋದರೆ ಮಾತ್ರ ಆ ಹುಣಸೆ ಕೋಲಿನಲ್ಲೇ ಲೈಟು ಹಾಕಿಕೊಂಡು, ಮುದ್ದೆ ಉಂಡು, ಬೂಟು ಟಕಟಕ ಅನ್ನಿಸಿಕೊಂಡು ವಾಪಸ್ ಬರುತ್ತಿದ್ದೆ.

ದೊಡ್ಡಮ್ಮನ ಊರು ಹೋಳೂರಿನಿಂದ ಇನ್ನೂ ಸ್ವಲ್ಪ ಒಳಗೆ. ಒಂದೇ ಬೀದಿ, ಬೀದಿಯ ತಳಕ್ಕೆಲ್ಲ ಬಂಡೆ. ಗಂಡ ಕೋದಂಡರಾಮಪ್ಪ ತೀರಿಕೊಂಡಾಗ ಮಗಳು ರಂಜಿತ ಇನ್ನೂ ಲಂಗ ಹಾಕುವ ವಯಸ್ಸಿನಲ್ಲಿದ್ದಳು. ಆಮೇಲೆ ಆ ಮನೆಯನ್ನು ನಡೆಸಿದ್ದು ಕೊಟ್ಟಿಗೆ. ಒಂದಾದ ಮೇಲೊಂದು ಹಸು ಅಲ್ಲಿಗೆ ಬಂದವು, ಹಾಲು ಡೈರಿಗೆ ಹೋಯಿತು, ರಂಜಿತ ಓದಿದಳು, ಈಗ ಮಾಲೂರಿನ ಫ್ಯಾಕ್ಟರಿಯೊಂದಕ್ಕೆ ಕಂಪನಿ ವ್ಯಾನಿನಲ್ಲಿ ಹೋಗಿ ಬರುತ್ತಾಳೆ. ಕೊನೆಯ ಹಸು ಬುಜ್ಜಿ. ಅದರ ತಾಯಿ ಈದ ಮೂರನೇ ದಿನಕ್ಕೆ ಸತ್ತುಹೋಗಿ, ಕರುವಿಗೆ ದೊಡ್ಡಮ್ಮನೇ ಬೆರಳು ಚೀಪಿಸಿ ಹಾಲು ಕುಡಿಸಿ ಬೆಳೆಸಿದ್ದಳು. ದೊಡ್ಡಮ್ಮ ಮನುಷ್ಯರ ಹತ್ತಿರ ಕನ್ನಡ ಮಾತಾಡುತ್ತಿದ್ದಳು, ಹಸುಗಳ ಹತ್ತಿರ ತೆಲುಗು. ತವರಿನ ಮಾತಲ್ಲವೇ, ಮುದ್ದು ಮಾಡುವುದಕ್ಕೆ ಅದೇ ಬೇಕಾಗಿತ್ತು. "ರಾ ತಲ್ಲಿ, ರಾ" ಅಂದರೆ ಬುಜ್ಜಿ ಎಲ್ಲಿದ್ದರೂ ಬರುತ್ತಿತ್ತು.

ಹೀಗೆ ದಿನಕ್ಕೆರಡು ಹೊತ್ತು ಹಾಲು ಕರೆದೂ ಕರೆದೂ ದೊಡ್ಡಮ್ಮನ ಕೈ ಹೋಯಿತು. ಮೊದಲು ಬೆರಳ ತುದಿಗೆ ಜೋಮು, ಆಮೇಲೆ ಅಂಗೈಗೆ. ಬಿಸಿ ಪಾತ್ರೆಯನ್ನು ಬಟ್ಟೆಯಿಲ್ಲದೆ ಇಳಿಸುತ್ತಿದ್ದಳು, ಚರ್ಮ ಬೊಬ್ಬೆ ಬಂದದ್ದು ಮಾರನೇ ದಿನ ಗೊತ್ತಾಗುತ್ತಿತ್ತು. ಕೋಲಾರದ ಡಾಕ್ಟರು ನರ ಒತ್ತಿಕೊಂಡಿದೆ, ಹಾಲು ಕರೆಯುವುದನ್ನು ನಿಲ್ಲಿಸಿ ಅಂದರು.

"ನಿಲ್ಸಮ್ಮ, ಸಾಕು" ಅಂದಳು ರಂಜಿತ. "ನನ್ ಸಂಬಳ ಬರುತ್ತಲ್ಲ. ಹಸು ಮಾರ್ಬಿಡು."

"ಮಾರಿ? ನಿನ್ ಕಂಪನಿ ಬಾಗಿಲಲ್ಲಿ ಕೂತು ನಿನ್ ಮುಖ ನೋಡ್ಲಾ?"

"ನನ್ ಮುಖಕ್ಕೇನಾಗಿದೆ?"

"ಬುಜ್ಜಿ ಮುಖದಷ್ಟು ಚೆನ್ನಾಗಿಲ್ಲ, ಬಿಡು."

ಹೀಗೆ ಜಗಳವಾಡಿ ಇಬ್ಬರೂ ಒಂದು ತೀರ್ಮಾನಕ್ಕೆ ಬಂದರು: ಹಾಲು ಕರೆಯುವ ಮಷೀನು ತರುವುದು. ಕೈಗೆ ಕೆಲಸವಿಲ್ಲ, ಹಸುವೂ ಮನೆಯಲ್ಲೇ ಇರುತ್ತದೆ. ಮಷೀನು ಕೊಡುವವರು ಒಂದೇ ಮಾತು ಕೇಳಿದರು, ಮನೆಯ ವೈರಿಂಗು ಹೇಗಿದೆ. ರಂಜಿತ ಫೋಟೋ ಕಳಿಸಿದಳು. ಅವರು ಇದು ಮ್ಯೂಸಿಯಮ್ಮಾ ಅಂದರಂತೆ.

ಕರೆಂಟ್ ಆಫೀಸಿನ ನಿಯಮವೂ ಹಾಗೆಯೇ. ಲೋಡು ಹೆಚ್ಚಿಸಬೇಕಾದರೆ ಹಳೆಯದೆಲ್ಲ ಕೀಳಬೇಕು, ಪೈಪಿನೊಳಗೆ ಹೊಸ ತಂತಿ ಎಳೆಯಬೇಕು, ಯಾರಿಗಾದರೂ ಶಾಕ್ ಹೊಡೆದರೆ ತಾನೇ ಬಿದ್ದು ಕರೆಂಟು ನಿಲ್ಲಿಸುವ ಡಬ್ಬಿ ಕೂರಿಸಬೇಕು, ಗುಂಡಿ ತೋಡಿ ಸರಿಯಾದ ಅರ್ತು ಹಾಕಬೇಕು, ಲೈಸೆನ್ಸ್ ಇರುವವರು ಪರೀಕ್ಷೆ ಮಾಡಿ ಸಹಿ ಹಾಕಬೇಕು. ನಮ್ಮ ಯಜಮಾನರು ಮುರಳಿಮೋಹನ್ ನನ್ನನ್ನೇ ಕಳಿಸಿದರು. ಮರದ ಪಟ್ಟಿ ಕಿತ್ತಾಗ ಒಳಗಿನ ತಂತಿಯ ಬಟ್ಟೆ ಹೊದಿಕೆ ಪುಡಿಪುಡಿಯಾಗಿ ಕೈಗೆ ಬಂತು. ಇಷ್ಟು ವರ್ಷ ಆ ಮನೆ ಯಾರನ್ನೂ ಕೊಲ್ಲದೆ ಬಿಟ್ಟದ್ದು ಅದರ ದೊಡ್ಡತನ.

ಗೋಡೆಯ ಕೆಲಸ ಸಲೀಸಾಗಿ ಮುಗಿಯಿತು. ಸೋತದ್ದು ನೆಲದ ಹತ್ತಿರ. ಮನೆಯ ಮುಂದೆ ತೋಡಿದರೆ ಮೊಣಕಾಲುದ್ದಕ್ಕೇ ಬಂಡೆ. ಪಕ್ಕದಲ್ಲಿ ತೋಡಿದರೆ ಅದೇ ಬಂಡೆಯ ತಮ್ಮ. ಸ್ವಲ್ಪ ಮಣ್ಣು ಸಿಕ್ಕ ಕಡೆ ಪೈಪು ಇಳಿಸಿ, ಇದ್ದಿಲು ಉಪ್ಪು ತುಂಬಿ, ನೀರು ಹೊಯ್ದು ಅಳೆದರೆ ಮೀಟರು ನನ್ನ ಮುಖ ನೋಡಿ ನಗುವ ಹಾಗಿತ್ತು. ಕಾಯಿಸಿದ ಬಾಣಲೆಗೆ ನೀರು ಚಿಮುಕಿಸಿದ ಹಾಗೆ, ಹೊಯ್ದದ್ದು ಅಲ್ಲೇ ಆರಿಹೋಗುತ್ತಿತ್ತು. ಈ ನೆಲ ಕರೆಂಟನ್ನು ಒಳಕ್ಕೆ ಬಿಟ್ಟುಕೊಳ್ಳುವುದೇ ಇಲ್ಲ ಎಂದು ಕೈಚೆಲ್ಲಿ ಕೂತೆ.

"ಕೊಟ್ಟಿಗೇಲಿ ನೋಡೋ" ಅಂದಳು ದೊಡ್ಡಮ್ಮ. "ಅಲ್ಲಿ ನೆಲ ಮೆತ್ತಗಿದೆ. ಗೂಟ ನಿಲ್ಲಲ್ಲ."

ಕೊಟ್ಟಿಗೆಯ ಮೂಲೆಯಲ್ಲಿ ಪೈಪು ಇಳಿಸಿದೆ. ಎಷ್ಟೋ ಹಸುಗಳ ಗಂಜಲ ಕುಡಿದು ಕಪ್ಪಾದ ನೆಲ, ಬೇಸಿಗೆಯಲ್ಲೂ ಒಣಗದ ನೆಲ. ಮೀಟರು ನೋಡಿ ನನಗೇ ನಂಬಿಕೆ ಬರಲಿಲ್ಲ. ಯಜಮಾನರು ಬಂದು ತಾವೂ ಅಳೆದು, "ಇಂಥ ಅರ್ತು ಈ ಕಡೆ ನಾನೆಲ್ಲೂ ನೋಡಿಲ್ಲ ಕಣಯ್ಯ. ಹಸೂಗೊಂದು ನಮಸ್ಕಾರ ಹಾಕು" ಅಂದರು. ನಾನು ತಮಾಷೆಗೆ ಹಾಕಿದೆ. ದೊಡ್ಡಮ್ಮ ತಮಾಷೆಯಿಲ್ಲದೆ ಗುಂಡಿಯ ಮುಚ್ಚಳಕ್ಕೆ ಅರಿಶಿನ ಕುಂಕುಮ ಇಟ್ಟಳು. "ದಿನಾ ಇದಕ್ಕೊಂದು ಬಿಂದಿಗೆ ನೀರು ಹಾಕ್ಬೇಕು ದೊಡ್ಡಮ್ಮ" ಎಂದು ಹೇಳಿಕೊಟ್ಟೆ. ಅವಳು ಒಂದು ದಿನವೂ ತಪ್ಪಿಸಲಿಲ್ಲ. ಹಾಲು ಕರೆಯುವ ಮುಂಚೆ ಎರಡು ಹೊತ್ತೂ ಗುಂಡಿಗೆ ನೀರು, ನೆಲಕ್ಕೆ ನೀರು.

ಪರೀಕ್ಷೆ ಪಾಸಾಯಿತು. ಮಷೀನು ಬಂತು. ಮೊದಲ ಎರಡು ದಿನ ಬುಜ್ಜಿ ಅದರ ಸದ್ದಿಗೆ ಕಿವಿ ನಿಗುರಿಸಿತು, ಮೂರನೆಯ ದಿನ ಮೆಲುಕು ಹಾಕುತ್ತಾ ನಿಂತುಕೊಂಡಿತು. ಹಾಲು ತಾನಾಗಿ ಕ್ಯಾನಿಗೆ ಇಳಿಯುವುದನ್ನು ದೊಡ್ಡಮ್ಮ ಮಣೆಯ ಮೇಲೆ ಕೂತು ನೋಡುತ್ತಿದ್ದಳು. ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು, ಅವು ಯಾರದೋ ಕೈಗಳು, ತನಗೆ ನೋಡಿಕೊಳ್ಳಲು ಕೊಟ್ಟು ಹೋಗಿದ್ದಾರೆ ಅನ್ನುವ ಹಾಗೆ. ಹುಣಸೆ ಕೋಲು ಒಲೆಗೆ ಹೋಯಿತು. ಆ ತಿಂಗಳು ನಾನು ಎಲ್ಲರಿಗೂ ನನ್ನ ಕೆಲಸದ ಫೋಟೋ ತೋರಿಸುತ್ತಾ ತಿರುಗಿದೆ. ಒಬ್ಬ ಹುಡುಗಿಗೂ ತೋರಿಸಿದೆ. ಅವಳು ಹಸು ಚೆನ್ನಾಗಿದೆ ಅಂದಳು.

ಇನ್ನು ಹೆಪ್ಪಿನ ವಿಷಯ ಹೇಳಬೇಕು. ಆ ಬೀದಿಯಲ್ಲಿ ಯಾರ ಮನೆಯಲ್ಲಿ ಮೊಸರು ಮುಗಿದುಹೋದರೂ ಲೋಟ ಹಿಡಿದು ಬರುವುದು ಬೈರಮ್ಮನ ಮನೆಗೇ. ದೀಪ ಹಚ್ಚಿದ ಮೇಲೆ ಹೆಪ್ಪು ಕೊಡಬಾರದು ಅನ್ನುವವರೇ ಎಲ್ಲ. ಇವಳು ದೀಪ ಹಚ್ಚಿದ ಮೇಲೂ ಕೊಡುತ್ತಿದ್ದಳು. "ಕೊಟ್ರೆ ನಮ್ ಗಡಿಗೇಲೇನು ಕಮ್ಮಿ ಆಗುತ್ತಾ?" ಅನ್ನುತ್ತಿದ್ದಳು.

ಪಕ್ಕದ ಮನೆಯ ಸುಬ್ರಮಣಿ ಮಾಳಿಗೆಯ ಮೇಲೊಂದು ರೂಮು ಕಟ್ಟಿಸಿ ಹೊಸ ಮೀಟರಿಗೆ ಅರ್ಜಿ ಹಾಕಿದ. ಅವನ ಮನೆಯೂ ಬಂಡೆಯ ಮೇಲೆ. ಗುಂಡಿ ತೋಡಿಸಿ ಸೋತು, ಹೆಂಡತಿ ರಮಾದೇವಿಯನ್ನು ಮುಂದೆ ಬಿಟ್ಟುಕೊಂಡು ಬಂದ.

"ಅಕ್ಕ, ನಿಮ್ ಗುಂಡಿಯಿಂದ ಒಂದು ತಂತಿ ಎಳ್ಕೊಳ್ಳೋದಾ? ಪರೀಕ್ಷೆಗೆ ಅಷ್ಟೇ."

"ಅದಕ್ಕೆ ಕೇಳ್ಬೇಕಾ ಸುಬ್ರಮಣಿ? ನೆಲ ಏನು ನಾನು ಹೊತ್ಕೊಂಡು ಬಂದಿದ್ನಾ?"

ಹೆಪ್ಪು ಕೊಟ್ಟಷ್ಟೇ ಸಲೀಸಾಗಿ ಅರ್ತು ಕೊಟ್ಟಳು. ಯಜಮಾನರೂ ತಲೆಯಾಡಿಸಿದರು, ಒಳ್ಳೇ ಗುಂಡಿ, ನಾಲ್ಕು ಮನೆಯನ್ನು ತಡೆದುಕೊಳ್ಳುತ್ತದೆ ಅಂದರು. ಆಮೇಲೆ ಸಾಲಿನ ಇನ್ನೆರಡು ಮನೆಯವರು ಬಂದರು. ಅವರಿಗೂ ಆಯಿತು. ಗೋಡೆಯ ಮೇಲಿಂದ ಹಸಿರು ತಂತಿಗಳು ಬಂದು ಬುಜ್ಜಿಯ ತಲೆಯ ಹಿಂದೆ, ಅರಿಶಿನ ಕುಂಕುಮದ ಗುಂಡಿಯಲ್ಲಿ ಕೂಡಿಕೊಂಡವು. ಎಲ್ಲ ಮನೆಗಳೂ ಪಾಸು. ಅಷ್ಟೇ ಆಗಿದ್ದರೆ ನಿಜವಾಗಿಯೂ ಏನೂ ಕಮ್ಮಿಯಾಗುತ್ತಿರಲಿಲ್ಲ.

ಬೇಸಿಗೆ ಬಂತು. ಬುಜ್ಜಿ ಕೆಟ್ಟಿತು.

ಮೊದಲು ನೀರಿನ ಬಾನಿಗೆ ಬಾಯಿ ಹಾಕಿ ಫಟ್ಟನೆ ತಲೆ ಎತ್ತುವುದಕ್ಕೆ ಶುರುಮಾಡಿತು. ಬಾಯಾರಿಕೆ ಇದ್ದರೂ ನೀರನ್ನು ನಾಲಗೆಯಲ್ಲಿ ಮುಟ್ಟಿ ಹಿಂದೆ ಸರಿಯುತ್ತಿತ್ತು. ಆಮೇಲೆ ನಿಂತ ಕಡೆ ನಿಲ್ಲದೆ ಒಂದು ಕಾಲು ಎತ್ತಿ ಇನ್ನೊಂದು ಕಾಲು ಇಡುವುದು, ಬಾಲ ಬಡಿಯುವುದು. ಹಾಲು ಕಡಿಮೆಯಾಯಿತು. ಮಷೀನು ಹಾಕಿದರೆ ಒದ್ದು ಕಿತ್ತುಹಾಕುವುದು. ಕ್ಯಾನು ತುಂಬುತ್ತಿದ್ದ ಹಾಲು ಅದರ ತಳ ಮುಚ್ಚುವಷ್ಟಕ್ಕೆ ಬಂತು. ಎಲ್ಲರೂ ಮಷೀನನ್ನೇ ಬೈದರು. ಮಷೀನನ್ನು ಗೋಣಿಚೀಲ ಹೊದಿಸಿ ಮೂಲೆಗಿಟ್ಟು ದೊಡ್ಡಮ್ಮ ಮತ್ತೆ ಕೈಯಲ್ಲಿ ಕರೆಯಲು ಕೂತಳು. ಅದಕ್ಕೂ ಹಾಲು ಬಿಡಲಿಲ್ಲ. ದನದ ಡಾಕ್ಟರು ಬಂದು ಸುಣ್ಣದ ಅಂಶ ಕಮ್ಮಿ ಎಂದು ಬಾಟಲಿ ಏರಿಸಿದರು. ರಮಾದೇವಿ ದೃಷ್ಟಿ ಅಂದಳು. ಮೆಣಸಿನಕಾಯಿ ಉಪ್ಪು ನೀವಳಿಸಿದರು, ಕೊಟ್ಟಿಗೆಯ ಬಾಗಿಲಿಗೆ ಬೂದುಗುಂಬಳ ಕಟ್ಟಿದರು. ನಾನು ಒಂದು ಭಾನುವಾರ ಬೂಟು ಹಾಕಿಕೊಂಡು ಹೋಗಿ, ಬುಜ್ಜಿಯ ಪಕ್ಕದಲ್ಲೇ ಗಟ್ಟಿಯಾಗಿ ನಿಂತು, ಮಷೀನಿನ ಪಾಯಿಂಟು, ಆ ಶಾಕ್ ತಡೆಯುವ ಡಬ್ಬಿ, ಎಲ್ಲ ಪರೀಕ್ಷೆ ಮಾಡಿ, "ಕರೆಂಟಿನದು ಏನೂ ಇಲ್ಲ ದೊಡ್ಡಮ್ಮ, ನೂರಕ್ಕೆ ನೂರು" ಎಂದು ತೀರ್ಪು ಕೊಟ್ಟೆ. ಆ ಡಬ್ಬಿ ಬೀಳುವುದು ನಮ್ಮ ಮನೆಯ ಕರೆಂಟು ಸೋರಿದರೆ ಮಾತ್ರ. ಊರಿನವರದು ಸೋರಿದರೆ ಅದಕ್ಕೇನು ಗೊತ್ತು. ನನಗೂ ಅಷ್ಟೇ.

"ಏಮಯಿಂದೇ ನೀಕು?" ಏನಾಯ್ತೇ ನಿನಗೆ ಎಂದು ದೊಡ್ಡಮ್ಮ ಅದರ ಕುತ್ತಿಗೆಯ ಗಂಗೆದೊಗಲು ನೀವುತ್ತಾ ಕೇಳುತ್ತಿದ್ದಳು. ಕೊಟ್ಟಿಗೆಯಿಂದ ಹೊರಗೆ ತಂದರೆ ಬುಜ್ಜಿ ಸುಮ್ಮನೆ ನಿಂತು ಅವಳ ಸೆರಗು ನೆಕ್ಕುತ್ತಿತ್ತು. ಒಳಗೆ ಕರೆದರೆ ಹೊಸಿಲಿನಲ್ಲೇ ನಿಂತು ಕಣ್ಣು ಅಗಲಿಸುತ್ತಿತ್ತು. "ರಾ ತಲ್ಲಿ" ಅಂದರೂ ಬರುತ್ತಿರಲಿಲ್ಲ. ಒಂದು ಸಂಜೆ ರಂಜಿತ ವ್ಯಾನಿಳಿದು ಬಂದಾಗ ದೊಡ್ಡಮ್ಮ ಬುಜ್ಜಿಯ ಹಿಂಗಾಲಿಗೆ ಹಗ್ಗ ಬಿಗಿದು, ಕೋಲು ಹಿಡಿದುಕೊಂಡು ನಿಂತಿದ್ದಳಂತೆ. ಜೀವನದಲ್ಲಿ ಒಂದು ಹಸುವಿಗೂ ಹೊಡೆದವಳಲ್ಲ. ಹೊಡೆದು, ಆಮೇಲೆ ನೆಲದ ಮೇಲೆ ಕೂತು ಅತ್ತಳಂತೆ.

"ಮಷೀನಿಗೂ ಅಲ್ಲ, ದೃಷ್ಟೀಗೂ ಅಲ್ಲ ಕಣೇ" ಅಂದಳಂತೆ ಮಗಳಿಗೆ. "ನನ್ನ ಕೈಯಲ್ಲಿ ಜೀವ ಇಲ್ಲ ಅಂತ ಅದಕ್ಕೆ ಗೊತ್ತಾಗ್ಬಿಟ್ಟಿದೆ. ನನ್ನೇ ಬೇಡ ಅಂತಿದೆ."

"ಹಸು ಅಷ್ಟೆಲ್ಲ ಯೋಚನೆ ಮಾಡಲ್ಲಮ್ಮ."

"ನಿಂಗೇನೇ ಗೊತ್ತು? ನನ್ ಬೆರಳು ಚೀಪಿ ಬೆಳೆದಿರೋದು ಅದು."

ಅಲ್ಲಿಂದ ಮುಂದೆ ದೊಡ್ಡಮ್ಮ ಯಾರ ಮಾತೂ ಕೇಳಲಿಲ್ಲ. ಮುಳಬಾಗಿಲು ಕಡೆಯ ಒಬ್ಬ ಹಸುವಿನ ವ್ಯಾಪಾರಿಗೆ ಅವಳೇ ಫೋನ್ ಮಾಡಿಸಿದಳು. ಅವನು ಟೆಂಪೊ ತಂದು ಬೀದಿಯಲ್ಲಿ ನಿಲ್ಲಿಸಿದ. ಬುಜ್ಜಿಯನ್ನು ಹೊರಗೆ ತಂದು ಹೊಂಗೆ ಮರಕ್ಕೆ ಕಟ್ಟಿದರು. ನಾನೂ ಅವತ್ತು ಅಲ್ಲಿದ್ದೆ. ಗಂಡುದಿಕ್ಕು ಬೇಕು ಎಂದು ಕರೆಸಿದ್ದರು. ನನ್ನನ್ನು ಗಂಡುದಿಕ್ಕು ಎಂದು ಲೆಕ್ಕಕ್ಕೆ ಹಿಡಿದದ್ದು ಅದೇ ಮೊದಲು.

"ಹಾಲು ಕಮ್ಮಿ ಅಂದ್ರಲ್ಲಮ್ಮ, ಎಷ್ಟಿದೆ ನೋಡೇಬಿಡೋಣ" ಎಂದು ವ್ಯಾಪಾರಿ ಪಂಚೆ ಎತ್ತಿಕಟ್ಟಿ, ಬಕೆಟ್ಟು ಇಟ್ಟುಕೊಂಡು ಕೂತ.

ಬುಜ್ಜಿ ಒಂದು ಸಲ ಅವನ ಕಡೆ ತಿರುಗಿ ನೋಡಿತು. ಆಮೇಲೆ ಮೆಲುಕು ಹಾಕತೊಡಗಿತು. ಬಕೆಟ್ಟಿನ ತಳಕ್ಕೆ ಹಾಲು ಬಿದ್ದ ಸದ್ದು ಮೊದಲು ಟಣ್ ಟಣ್ ಅಂತಿತ್ತು. ಸ್ವಲ್ಪ ಹೊತ್ತಿಗೆ ಸದ್ದು ಗಡುಸಾಯಿತು, ನೊರೆ ಎದ್ದಿತು. ವ್ಯಾಪಾರಿ ಕರೆಯುತ್ತಲೇ ಇದ್ದ. ನೊರೆ ಅಂಚಿಗೆ ಬಂದಾಗ ತಲೆ ಎತ್ತಿ ದೊಡ್ಡಮ್ಮನ ಮುಖ ನೋಡಿ, ತಾನೇನೋ ತಪ್ಪು ಮಾಡಿದವನ ಹಾಗೆ ಕೈ ನಿಲ್ಲಿಸಿಬಿಟ್ಟ.

"ಇಷ್ಟು ಹಾಲಿಟ್ಕೊಂಡು ಯಾಕಮ್ಮ ಮಾರ್ತೀರ? ಬೇಕಾದ್ರೆ ಈಗ್ಲೂ..."

"ಬೇಡಪ್ಪ" ಅಂದಳು ದೊಡ್ಡಮ್ಮ. "ಅದು ಹೇಳ್ಬೇಕಾದ್ದು ಹೇಳ್ಬಿಟ್ಟಿದೆ. ಕರ್ಕೊಂಡ್ಹೋಗು."

ಟೆಂಪೊ ಹತ್ತಿಸುವಾಗ ಹತ್ತಿರ ಹೋಗಿ ಅದರ ಹಣೆಗೆ ಹಣೆ ಇಟ್ಟಳು. "ಪೋಯಿರಾ ತಲ್ಲಿ" ಅಂದಳು. ಹೋಗಿ ಬಾ ಅಂತ. ಬರುವುದಿಲ್ಲ ಎಂದು ಗೊತ್ತಿರುವವರಿಗೂ ನಾವು ಹಾಗೇ ಅನ್ನುವುದು.

ಇದಾಗಿ ಒಂದು ವಾರವಿರಬಹುದು. ಮಷೀನನ್ನು ಹಿಂದಕ್ಕೆ ಕೊಟ್ಟುಬಿಡೋಣ, ಬಂದು ಬಿಚ್ಚು ಎಂದು ರಂಜಿತ ಫೋನ್ ಮಾಡಿದಳು. ಮಧ್ಯಾಹ್ನ ಹೋದೆ. ದೊಡ್ಡಮ್ಮ ಮನೆಯಲ್ಲಿರಲಿಲ್ಲ, ರಂಜಿತ ಕೆಲಸದಿಂದ ಇನ್ನೂ ಬಂದಿರಲಿಲ್ಲ. ಹಸು ಇಲ್ಲದಿದ್ದರೂ ಕೊಟ್ಟಿಗೆ ತೊಳೆದಿತ್ತು. ಗುಂಡಿಗೆ ನೀರೂ ಬಿದ್ದಿತ್ತು. ಮುಚ್ಚಳದ ಮೇಲೆ ಕುಂಕುಮ ಹೊಸದಾಗಿತ್ತು. ಹಸು ಹೋದ ಮೇಲೂ ನಾನು ಹೇಳಿಕೊಟ್ಟ ಪಾಠ ಮಾತ್ರ ಹೋಗಿರಲಿಲ್ಲ.

ಮಷೀನನ್ನು ಎತ್ತಿಕೊಂಡು ಹಿಂದಕ್ಕೆ ಸರಿದವನು ಗಂಜಲದ ಕಾಲುವೆಗೆ ಕಾಲಿಟ್ಟೆ. ಬೂಟಿನ ಒಳಗೆಲ್ಲ ತುಂಬಿಕೊಂಡಿತು. ಬೈದುಕೊಂಡು ಎರಡೂ ಬೂಟು, ಕಾಲುಚೀಲ ಬಿಚ್ಚಿ, ಬರಿಗಾಲಲ್ಲಿ ಒದ್ದೆ ನೆಲದ ಮೇಲೆ ನಿಂತು, ಬಾನಿಯ ಪಕ್ಕದ ನಲ್ಲಿಗೆ ಕೈ ಹಾಕಿದೆ.

ಜುಮ್ ಅಂದಿತು.

ಕೈ ಕಿತ್ತುಕೊಂಡೆ. ಮತ್ತೆ ಮುಟ್ಟಿದೆ. ಮತ್ತೆ ಜುಮ್. ಇರುವೆ ಸಾಲು ಅಂಗಾಲಿನಿಂದ ಹತ್ತಿ ಮೊಣಕಾಲಿಗೆ ಬಂದ ಹಾಗೆ. ಅದೇ ಹಳೇ ಗೋಡೆಯ ಜುಮ್. ಅಷ್ಟೆಲ್ಲ ಕಿತ್ತುಹಾಕಿ ಬೀದಿಗೆಸೆದ ಜುಮ್ಮು ಗೋಡೆಯಿಂದ ಇಳಿದು ನೆಲದಲ್ಲಿ ಬಂದು ಕೂತಿತ್ತು.

ಮೀಟರು ಇಟ್ಟು ನೋಡಿದೆ. ನೆಲದಲ್ಲೇ ಕರೆಂಟು ಹರಿಯುತ್ತಿತ್ತು. ನಮ್ಮ ಮನೆಯ ಮೇನ್ ಸ್ವಿಚ್ಚು ಕೆಳಗಿಳಿಸಿದೆ, ಅಂಕಿ ಅಲ್ಲಾಡಲಿಲ್ಲ. ಹಾಗಾದರೆ ಹೊರಗಿನಿಂದ ಬರುತ್ತಿದೆ. ಹಸಿರು ತಂತಿ ಹಿಡಿದುಕೊಂಡು ಗೋಡೆ ಹತ್ತಿ ನೋಡಿದರೆ ಎಲ್ಲವೂ ಕಣ್ಣೆದುರೇ ಇತ್ತು. ಕರೆಂಟು ಒಂದು ತಂತಿಯಲ್ಲಿ ಮನೆಗೆ ಬಂದರೆ ಇನ್ನೊಂದು ತಂತಿಯಲ್ಲಿ ಕಂಬಕ್ಕೆ ವಾಪಸ್ ಹೋಗಬೇಕು. ಬೇಸಿಗೆಯಲ್ಲಿ ಬೀದಿಯ ಕಂಬದಲ್ಲಿ ಆ ವಾಪಸ್ ಹೋಗುವ ತಂತಿ ಸಡಿಲವಾಗಿ ಲೈಟುಗಳು ಮಿಣುಕುತ್ತಿದ್ದವಂತೆ. ಸುಬ್ರಮಣಿ ಒಂದು ಉಪಾಯ ಮಾಡಿದ್ದ. ತನ್ನ ವಾಪಸ್ ತಂತಿಯನ್ನು ಮೀಟರಿನ ಹತ್ತಿರವೇ ಹಸಿರು ತಂತಿಗೆ ಸೇರಿಸಿಬಿಟ್ಟಿದ್ದ. ಲೈಟು ಗಟ್ಟಿಯಾಗಿ ನಿಂತಿತ್ತು. ಅದನ್ನು ನೋಡಿ ಉಳಿದ ಇಬ್ಬರೂ ಸೇರಿಸಿಕೊಂಡಿದ್ದರು. ಮೂರು ಮನೆಯ ಫ್ರಿಜ್ಜು, ಟಿವಿ, ಮಿಕ್ಸಿಗಳ ಕರೆಂಟೆಲ್ಲ ಬುಜ್ಜಿಯ ಕಾಲಡಿಯಿಂದ ಭೂಮಿಗೆ ಇಳಿಯುತ್ತಿತ್ತು. ಚಪ್ಪಲಿ ಹಾಕಿದ ಮನುಷ್ಯನಿಗೆ ಅದು ಗೊತ್ತೇ ಆಗುವುದಿಲ್ಲ. ನಾಲ್ಕು ಕಾಲನ್ನೂ ದೂರದೂರ ಒದ್ದೆ ನೆಲಕ್ಕೆ ಊರಿ, ಬಾಯಿಯನ್ನು ನೀರಿಗೆ ಇಡುವ ಹಸುವಿಗೆ ಅದಕ್ಕಿಂತ ಬೇರೆ ಏನೂ ಗೊತ್ತಾಗುವುದಿಲ್ಲ.

ಸುಬ್ರಮಣಿಯನ್ನು ಕರೆದು ತೋರಿಸಿದೆ. ಅವನ ಮುಖ ಇಳಿದುಹೋಯಿತು. ಕೆಟ್ಟವನಲ್ಲ.

"ಅಯ್ಯೋ ದೇವ್ರೇ. ನಂಗೇನಪ್ಪ ಗೊತ್ತು? ಭೂಮಿತಾಯಿ ಎಷ್ಟಿದ್ರೂ ಕುಡೀತಾಳೆ ಅಂತಾರಲ್ಲ..." ಆಮೇಲೆ ದನಿ ತಗ್ಗಿಸಿ, "ಈಗೇನು ಹಸು ಇಲ್ವಲ್ಲ ಶ್ರೀಧರ. ಕಂಬ ರಿಪೇರಿ ಆಗೋವರ್ಗೂ ಇರ್ಲಿ ಬಿಡಪ್ಪ. ಮಕ್ಕಳಿಗೆ ಪರೀಕ್ಷೆ" ಅಂದ.

ಯಜಮಾನರಿಗೆ ಫೋನ್ ಮಾಡಿದೆ.

"ಲೇ, ಅದನ್ನ ಯಾರ ಹತ್ರಾನೂ ಒದರಬೇಡ. ನಾಲ್ಕು ಮನೆ ರಿಪೋರ್ಟಿಗೂ ಅದೇ ಗುಂಡಿ. ಒಂದು ಬಿದ್ರೆ ನಾಲ್ಕೂ ಬೀಳುತ್ತೆ, ಹಿಂದೇನೇ ನೀನೂ ಬೀಳ್ತೀಯ" ಅಂದರು.

ಕಟಿಂಗ್ ಪ್ಲೇಯರು ಕೈಯಲ್ಲಿ ಹಿಡಿದು ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದೆ. ಕತ್ತರಿಸಲೂ ಇಲ್ಲ, ಕೆಳಗಿಡಲೂ ಇಲ್ಲ. ಗಂಡುದಿಕ್ಕು ನಿಂತಿದ್ದದ್ದು ಹಾಗೆ.

ಅಷ್ಟರಲ್ಲಿ ದೊಡ್ಡಮ್ಮ ಬಂದಳು. ತಲೆಯ ಮೇಲೆ ಹಸಿ ಹುಲ್ಲಿನ ಹೊರೆ ಇತ್ತು. ನಾನು ಹೊರೆಯನ್ನೇ ನೋಡುತ್ತಿದ್ದುದನ್ನು ಕಂಡು, "ಸುಮ್ನೆ ಕೂರಕ್ಕಾಗ್ಲಿಲ್ಲ ಕಣೋ. ರಮಾದೇವಿ ಮೇಕೆಗಾಗುತ್ತೆ" ಅಂದಳು. ಹೊರೆ ಇಳಿಸಿದಳು. "ಏನು, ಬರಿಗಾಲಲ್ಲಿದ್ದೀಯ? ಬೂಟು ಯಾರಾದ್ರೂ ಕದ್ರಾ?"

ಹೇಳಬಾರದಾಗಿತ್ತೇನೋ. ಹೇಳದೆ ಇರುವುದು ನನ್ನಿಂದಾಗಲಿಲ್ಲ. ಬುಜ್ಜಿ ನಿನ್ನನ್ನು ಬೇಡ ಅಂದಿರಲಿಲ್ಲ ದೊಡ್ಡಮ್ಮ, ನಿನ್ನ ಕೈಯದು ಏನೂ ತಪ್ಪಿರಲಿಲ್ಲ ಎಂದು ಶುರುಮಾಡಿದೆ. ಅಷ್ಟು ಕೇಳಿದರೆ ಅವಳಿಗೆ ಸಮಾಧಾನವಾಗುತ್ತದೆ ಎಂದುಕೊಂಡಿದ್ದೆ. ತಂತಿಗಳನ್ನು ತೋರಿಸಿದೆ, ನೆಲ ತೋರಿಸಿದೆ.

"ಹಂಗಾದ್ರೆ ದಿನಾ ಎರಡು ಹೊತ್ತು ಅದನ್ನ ಬೆಂಕಿ ಮೇಲೆ ನಿಲ್ಲಿಸ್ತಿದ್ದೆ ನಾನು."

"ಬೆಂಕಿ ಅಲ್ಲ ದೊಡ್ಡಮ್ಮ, ಸ್ವಲ್ಪ..."

"ಓಡಿಹೋಗ್ಬಾರ್ದು ಅಂತ ಕಾಲು ಕಟ್ಟಿದ್ನಲ್ಲೋ."

ಅವಳು ಗುಂಡಿಯ ಮುಚ್ಚಳದ ಕಡೆ ತಿರುಗಿದಳು.

"ನೀರು ಹಾಕಿದಷ್ಟೂ ಜಾಸ್ತಿ ಆಗ್ತಿತ್ತಾ?"

ಸುಳ್ಳು ಹೇಳಬಹುದಿತ್ತು. ಹೌದೆಂದು ತಲೆಯಾಡಿಸಿದೆ.

"ಅಲ್ಲಿ, ಮುಳಬಾಗಿಲಲ್ಲಿ, ನೆಲ ಒಣಗಿರುತ್ತೇನೋ?"

"ಒಣಗಿರುತ್ತೆ ದೊಡ್ಡಮ್ಮ. ಫೋನ್ ಮಾಡಿ ವಾಪಸ್ ಕೇಳೋಣ. ಈ ತಂತಿ ಎಲ್ಲ ತೆಗೆದುಹಾಕ್ತೀನಿ, ಆಮೇಲೆ..."

"ತೆಗೆದ್ರೆ ಬರುತ್ತಾ ಅದು ಈ ಕೊಟ್ಟಿಗೆ ಒಳಕ್ಕೆ? ನಾನು ಕರೆದ್ರೆ?"

ಅವಳು ಚಪ್ಪಲಿಯನ್ನು ಹೊಸಿಲ ಆಚೆ ಬಿಟ್ಟಳು. ನಾನು "ಬೇಡ, ಇರು" ಅನ್ನುವಷ್ಟರಲ್ಲಿ ಒಳಗೆ ಹೋಗಿ, ಬುಜ್ಜಿ ನಿಲ್ಲುತ್ತಿದ್ದ ಜಾಗದಲ್ಲಿ, ಗೂಟಕ್ಕೆ ಮುಖ ಮಾಡಿ, ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತಳು. ಬಗ್ಗಿ ಬಾನಿಯ ನಲ್ಲಿಯನ್ನು ಜೋಮು ಹಿಡಿದ ಎರಡು ಕೈಯಲ್ಲೂ ಹಿಡಿದುಕೊಂಡಳು. ದಪ್ಪಗೆ ಗಟ್ಟಿಕಟ್ಟಿದ ಹಿಮ್ಮಡಿಯ ಬಿರುಕುಗಳಲ್ಲಿ ಹೊಲದ ಮಣ್ಣು ಮೆತ್ತಿತ್ತು. ಗೋಡೆಯಾಚೆ ಸುಬ್ರಮಣಿಯ ಮನೆಯಲ್ಲಿ ಆಗಲೇ ಲೈಟು ಹಾಕಿದ್ದರು.

"ಇದೆಯಾ ಈಗ?"

"ಇದೆ ದೊಡ್ಡಮ್ಮ. ಬಾ ಈಚೆ."

"ಎಲ್ಲೋ? ನಂಗೇನೂ ಗೊತ್ತಾಗ್ತಿಲ್ವಲ್ಲೋ."

ಹಿಡಿತವನ್ನು ಬಿಗಿಮಾಡಿದಳು. ಕಣ್ಣು ಮುಚ್ಚಿದಳು. ಕಾಲನ್ನು ಇನ್ನಷ್ಟು ಅಗಲಿಸಿ ನಿಂತು, ಕಾಯುತ್ತಿರುವವರ ಹಾಗೆ ಮುಖ ಮುಂದಕ್ಕೆ ಚಾಚಿದಳು.

ನನ್ನಿಂದ ನೋಡಲಾಗಲಿಲ್ಲ. ಆಗಲೂ ಮೊದಲು ಬೂಟಿಗೆ ಕಾಲು ತೂರಿಸಿದೆ. ಆಮೇಲೆ ಗುಂಡಿಯ ಹತ್ತಿರ ಹೋಗಿ ಹೊರಗಿನಿಂದ ಬಂದ ಹಸಿರು ತಂತಿಗಳನ್ನು ಒಂದೊಂದಾಗಿ ಕತ್ತರಿಸಿದೆ. ಒಂದು ಸಣ್ಣ ಕಿಡಿ ಹಾರಿತು. ಗೋಡೆಯಾಚೆ ಲೈಟು ಮಂಕಾಯಿತು, ಯಾವುದೋ ಮಗು ಅಯ್ಯೋ ಎಂದು ಕೂಗಿತು.

ದೊಡ್ಡಮ್ಮ ಕಣ್ಣು ತೆರೆಯಲಿಲ್ಲ.

"ಈಗ?"

"ಈಗ ಇಲ್ಲ."

ಅವಳು ಇನ್ನೂ ಸ್ವಲ್ಪ ಹೊತ್ತು ನಲ್ಲಿ ಹಿಡಿದುಕೊಂಡೇ ನಿಂತಿದ್ದಳು.

"ನಂಗೆ ಎರಡೂ ಒಂದೇ ಥರ ಇದೆ ಕಣೋ" ಅಂದಳು.